50 ಡಾಲರಿನ ಚೀಟಿ, 14 ಡಾಲರಿನ ಸ್ವೆಟರ್

ಅಮೆರಿಕದ ಯಾವುದೇ ಉಪನಗರದ ಕೋಲ್ಸ್ ಅಂಗಡಿಯಲ್ಲಿ ಬಿಲ್ಲು ಕೈಗೆ ಬಂದಾಗ ಜನ ಮೊದಲು ನೋಡುವುದು ಎಷ್ಟು ಕೊಟ್ಟೆವು ಎಂದಲ್ಲ, ಎಷ್ಟು ಉಳಿಯಿತು ಎಂದು. ಬಿಲ್ಲಿನ ಅಡಿಯಲ್ಲಿ ಆ ಲೆಕ್ಕವನ್ನು ಬೇರೆಯಾಗಿಯೇ ಮುದ್ರಿಸಿರುತ್ತಾರೆ. ಕ್ಯಾಷ್ ಕೌಂಟರಿನ ಹೆಂಗಸು ಪೆನ್ನು ತೆಗೆದು ಆ ಅಂಕಿಗೆ ಒಂದು ಸುತ್ತು ಹಾಕಿ, ಇವತ್ತು ನಿಮಗೆ ಇಷ್ಟು ಡಾಲರ್ ಉಳಿತಾಯವಾಯಿತು ಎಂದು ನಗುತ್ತಾ ಕೊಡುವುದು ಅಲ್ಲಿನ ವಾಡಿಕೆ. ಉಳಿದದ್ದು 80 ಡಾಲರ್ ಇರಬಹುದು, ಕೊಟ್ಟದ್ದು 50. ಮನೆಯಿಂದ ಹೊರಟಾಗ ಬೇಕಾಗಿದ್ದದ್ದು ಮಗನಿಗೆ ಎರಡು ಜೊತೆ ಕಾಲುಚೀಲ.

ಮ್ಯಾನ್‌ಹ್ಯಾಟನ್ನಿನ ಗಾಜಿನ ಮಳಿಗೆಗಳ ಬಗ್ಗೆ, ಒಂದು ಊರಷ್ಟು ಅಗಲದ ವಾಲ್‌ಮಾರ್ಟ್ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಇವೆರಡರ ನಡುವೆ ಇನ್ನೊಂದು ಜಾತಿಯ ಅಂಗಡಿ ಇದೆ. ತೀರಾ ಅಗ್ಗವಲ್ಲ, ದುಬಾರಿಯೂ ಅಲ್ಲ. ಬಟ್ಟೆ, ಶೂ, ಬೆಡ್‌ಶೀಟು, ಟವೆಲ್ಲು, ಅಡುಗೆಮನೆಯ ಮಿಕ್ಸರು, ಸೂಟ್‌ಕೇಸು ಎಲ್ಲ ಒಂದೇ ಸೂರಿನಡಿ. ಮಧ್ಯಮ ವರ್ಗದ ಸಂಸಾರ ಶಾಲೆ ಶುರುವಾಗುವ ಮೊದಲು, ಕ್ರಿಸ್‌ಮಸ್ಸಿಗೆ ಮೊದಲು, ಚಳಿಗಾಲದ ಮೊದಲ ಹಿಮ ಬೀಳುವ ಮೊದಲು ಕಾರು ತಿರುಗಿಸುವುದು ಅತ್ತಲೇ. ಈ ಜಾತಿಯಲ್ಲಿ ದೊಡ್ಡದು ಕೋಲ್ಸ್. ಹವಾಯಿ ಒಂದನ್ನು ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಸೇರಿ ಸಾವಿರದ ನೂರಕ್ಕೂ ಹೆಚ್ಚು ಅಂಗಡಿಗಳು. ಮುಖ್ಯ ಕಚೇರಿ ನ್ಯೂಯಾರ್ಕಿನಲ್ಲಿಲ್ಲ; ವಿಸ್ಕಾನ್ಸಿನ್ ರಾಜ್ಯದ ಮೆನೊಮನಿ ಫಾಲ್ಸ್ ಎಂಬ ಸಣ್ಣ ಊರಿನಲ್ಲಿದೆ.

ಇದರ ಮೂಲ ಕಿರಾಣಿ ಅಂಗಡಿ. ಪೋಲೆಂಡಿನಿಂದ ವಲಸೆ ಬಂದ ಮ್ಯಾಕ್ಸ್‌ವೆಲ್ ಕೋಲ್ 1927ರಲ್ಲಿ ಮಿಲ್ವಾಕೀ ನಗರದ ದಕ್ಷಿಣ ಭಾಗದಲ್ಲಿ ಬೀದಿಮೂಲೆಯ ದಿನಸಿ ವ್ಯಾಪಾರ ಇಟ್ಟ. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದನ್ನು ಸೂಪರ್‌ಮಾರ್ಕೆಟ್ ಮಾಡಿದ. ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಮನೆ ಸಾಲಕ್ಕೆ ಜಾಮೀನು ನಿಂತಿತ್ತು. 1956ರ ಕಾಯಿದೆಯಿಂದ ಹೆದ್ದಾರಿಗಳು ಬಂದವು. ಜನ ನಗರ ಬಿಟ್ಟು ಹೊರವಲಯಕ್ಕೆ ಮನೆ ಮಾಡಿದರು. ಮನೆ ಹೋದ ಕಡೆ ಅಂಗಡಿಯೂ ಹೋಗಲೇಬೇಕು. ಕೋಲ್ 1962ರ ಸೆಪ್ಟೆಂಬರಿನಲ್ಲಿ ಮಿಲ್ವಾಕೀಯ ಪಶ್ಚಿಮದ ಉಪನಗರ ಬ್ರೂಕ್‌ಫೀಲ್ಡಿನಲ್ಲಿ ತನ್ನ ಮೊದಲ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದ.

1962 ಅಮೆರಿಕದ ಅಂಗಡಿ ಇತಿಹಾಸದಲ್ಲಿ ಸಾಮಾನ್ಯ ವರ್ಷವಲ್ಲ. ಮಾರ್ಚ್ ತಿಂಗಳಲ್ಲಿ ಮಿಶಿಗನ್ನಿನ ಗಾರ್ಡನ್ ಸಿಟಿಯಲ್ಲಿ ಮೊದಲ ಕೆಮಾರ್ಟ್, ಮೇ ತಿಂಗಳಲ್ಲಿ ಮಿನೆಸೋಟದ ರೋಸ್‌ವಿಲ್ಲಿನಲ್ಲಿ ಮೊದಲ ಟಾರ್ಗೆಟ್, ಜುಲೈಯಲ್ಲಿ ಅರ್ಕಾನ್ಸಾದ ರೋಜರ್ಸ್ ಎಂಬ ಪುಟ್ಟ ಊರಿನಲ್ಲಿ ಮೊದಲ ವಾಲ್‌ಮಾರ್ಟ್ ತೆರೆದದ್ದೂ ಅದೇ ವರ್ಷ. ಎಲ್ಲರ ಕಣ್ಣೂ ಒಂದೇ ಗಿರಾಕಿಯ ಮೇಲಿತ್ತು: ಕಾರು ಉಳ್ಳ, ಮಕ್ಕಳುಳ್ಳ, ಪೇಟೆಯ ನಡುಮಧ್ಯಕ್ಕೆ ಹೋಗಿ ಬರಲು ಪುರುಸೊತ್ತಿಲ್ಲದ ಗೃಹಿಣಿಯ ಮೇಲೆ.

ಮುಂದೆ ಕೋಲ್ಸ್ ಕೈಯಿಂದ ಕೈಗೆ ದಾಟಿತು. 1972ರಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಎಂಬ ಸಿಗರೇಟು ಕಂಪನಿ ಅದರ ಹಿಡಿತ ಕೊಂಡಿತು. ದಿನಸಿ ಅಂಗಡಿಗಳನ್ನು 1983ರಲ್ಲಿ ಬೇರೆಯವರಿಗೆ ಮಾರಿತು. 1986ರಲ್ಲಿ, ಅಂಗಡಿಗಳ ಸಂಖ್ಯೆ ಇನ್ನೂ 40ರ ಆಸುಪಾಸಿನಲ್ಲಿದ್ದಾಗ, ಅಲ್ಲಿನ ಆಡಳಿತಗಾರರೇ ಕೂಡಿ ಡಿಪಾರ್ಟ್‌ಮೆಂಟ್ ಸ್ಟೋರುಗಳನ್ನು ಕೊಂಡರು. 1992ರಲ್ಲಿ ಕಂಪನಿ ಷೇರುಪೇಟೆಗೆ ಬಂತು. 2008ರ ಹೊತ್ತಿಗೆ ಅಂಗಡಿ ಸಾವಿರವಾದವು. ಕುಟುಂಬದ ಹೆಸರು ಮಾತ್ರ ಫಲಕದ ಮೇಲೆ ಉಳಿಯಿತು. ಮ್ಯಾಕ್ಸ್‌ವೆಲ್ಲನ ಮಗ ಹರ್ಬ್ ಕೋಲ್ ವ್ಯಾಪಾರ ಬಿಟ್ಟು ಬಾಸ್ಕೆಟ್‌ಬಾಲ್ ತಂಡದ ಒಡೆಯನಾದ, ನಾಲ್ಕು ಅವಧಿಗೆ ಅಮೆರಿಕದ ಸೆನೆಟರ್ ಆದ.

ಉಳಿದ ಡಿಪಾರ್ಟ್‌ಮೆಂಟ್ ಸ್ಟೋರುಗಳೆಲ್ಲ ಮಾಲುಗಳ ಒಳಗೆ ಸೇರಿಕೊಂಡಾಗ ಕೋಲ್ಸ್ ಹೊರಗೇ ಉಳಿಯಿತು. ಇದು ಅದರ ಜಾಣ್ಮೆಗಳಲ್ಲಿ ಮೊದಲನೆಯದು. ಮಾಲಿನೊಳಗಿನ ಅಂಗಡಿಗೆ ಹೋಗಬೇಕೆಂದರೆ ಬಹುಮಹಡಿ ಪಾರ್ಕಿಂಗಿನಲ್ಲಿ ಸುತ್ತಬೇಕು, ಎಸ್ಕಲೇಟರ್ ಹತ್ತಬೇಕು, ಸುಗಂಧ ಸಿಂಪಡಿಸುವವರನ್ನು ದಾಟಬೇಕು. ಕೋಲ್ಸ್ ಇರುವುದು ರಸ್ತೆಬದಿಯ ಸಾಲು ಮಳಿಗೆಗಳಲ್ಲಿ, ಒಂದು ಕಡೆ ಸಾಕುಪ್ರಾಣಿಗಳ ಆಹಾರದ ಅಂಗಡಿ, ಇನ್ನೊಂದು ಕಡೆ ಕಚೇರಿ ಸಾಮಾನಿನ ಅಂಗಡಿ. ಬಾಗಿಲಿನ ಮುಂದೆಯೇ ಕಾರು. ಸಾಮಾನ್ಯವಾಗಿ ಒಂದೇ ಅಂತಸ್ತು, 80 ಸಾವಿರ ಚದರ ಅಡಿಯ ಆಸುಪಾಸು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಎಕರೆ. ಒಳಗೆ ಹೊಕ್ಕರೆ ತಳ್ಳುಗಾಡಿ. ಅಗಲವಾದ ಒಂದು ದಾರಿ ಅಂಗಡಿಯನ್ನು ಮೊಟ್ಟೆಯಾಕಾರದಲ್ಲಿ ಸುತ್ತಿ ಮತ್ತೆ ಬಾಗಿಲಿಗೇ ತಂದು ಬಿಡುತ್ತದೆ. ದಾರಿ ಬಿಡದೆ ನಡೆದರೆ ಹೆಂಗಸರ ಬಟ್ಟೆ, ಮಕ್ಕಳದು, ಹಾಸಿಗೆ ಹೊದಿಕೆ, ಪಾತ್ರೆ, ಗಂಡಸರದು, ಶೂ ಎಲ್ಲ ಒಂದರ ಹಿಂದೊಂದು ಕಣ್ಣಿಗೆ ಬೀಳಲೇಬೇಕು. ಪ್ರತಿ ವಿಭಾಗದಲ್ಲೂ ಒಬ್ಬೊಬ್ಬ ಕ್ಯಾಷಿಯರನ್ನು ಕೂರಿಸುವ ಹಳೆಯ ಪದ್ಧತಿ ಬಿಟ್ಟು ಎಲ್ಲ ಕೌಂಟರುಗಳನ್ನೂ ಒಂದೇ ಕಡೆ ತಂದರು. ಸಂಬಳದ ಖರ್ಚು ಇಳಿಯಿತು. ದಾರಿಯುದ್ದಕ್ಕೂ ಗಾಡಿ ತುಂಬುತ್ತಾ ಬಂದವರು ಕೊನೆಯಲ್ಲಿ ಒಂದೇ ಸಲ ಬಿಲ್ಲು ಮಾಡಿಸುವುದರಿಂದ ಬಿಲ್ಲೂ ದೊಡ್ಡದಾಯಿತು.

ಆದರೆ ಜನರನ್ನು ಹಿಡಿದಿಟ್ಟದ್ದು ಕಟ್ಟಡವಲ್ಲ, ಬೆಲೆಯ ಆಟ.

ಒಂದು ಸ್ವೆಟರ್ ಎತ್ತಿಕೊಳ್ಳಿ. ಕತ್ತಿನಿಂದ ಜೋತುಬಿದ್ದ ಚೀಟಿಯಲ್ಲಿ 50 ಡಾಲರ್ ಎಂದಿದೆ. ರ‍್ಯಾಕಿನ ಮೇಲಿನ ಫಲಕದಲ್ಲಿ ಸೇಲ್ ಬೆಲೆ 30. ಆ 50ಕ್ಕೆ ಆ ಸ್ವೆಟರನ್ನು ಕೊಂಡವರನ್ನು ಹುಡುಕಿದರೂ ಸಿಗುವುದು ಕಷ್ಟ. ಇನ್ನು ಅಂಚೆಯಲ್ಲಿ ಮನೆಗೆ ಬಂದ ಕೂಪನ್ ಇದೆ. ಅದರ ಮೇಲೆ ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಬೇಕು, ಅಡಿಯಲ್ಲಿ ಶೇ. 15, 20 ಅಥವಾ 30 ಎಂದಿರುತ್ತದೆ. 30 ಬಂದವರ ಮನೆಯಲ್ಲಿ ಆ ದಿನ ಕೋಲ್ಸಿಗೆ ಹೋಗುವುದು ತೀರ್ಮಾನವಾದಂತೆಯೇ. ಇದರ ಜೊತೆಗೆ ಹಿಂದಿನ ಸಲ ಗಳಿಸಿದ 10 ಡಾಲರಿನ ‘ಕೋಲ್ಸ್ ಕ್ಯಾಷ್’ ಕೈಯಲ್ಲಿದೆ ಎನ್ನಿ. ಈಗ ಲೆಕ್ಕ ಹೀಗೆ: 30ರಲ್ಲಿ ಮೊದಲು 10 ಕಳೆದು 20, ಆ 20ರಲ್ಲಿ ಶೇ. 30 ಕಳೆದು 14. ಸ್ವೆಟರ್ 14 ಡಾಲರಿಗೆ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಶೇಕಡಾ ಕೂಪನನ್ನು ಮೊದಲು ಕಳೆದಿದ್ದರೆ 30 ಡಾಲರ್ 21 ಆಗಿ, ಆಮೇಲೆ 10 ಕಳೆದು 11 ಆಗುತ್ತಿತ್ತು. ಡಾಲರಿನ ರಿಯಾಯಿತಿ ಮೊದಲು, ಶೇಕಡಾ ಆಮೇಲೆ ಎಂಬ ನಿಯಮ ಕೂಪನ್ನಿನ ಕೆಳಗೆ ಸಾಸಿವೆ ಅಕ್ಷರದಲ್ಲಿ ಇರುತ್ತದೆ. ಆ ಒಂದು ಸಾಲಿನಿಂದ ಗಿರಾಕಿಯ ಕೈಯ 10 ಡಾಲರಿಗೆ ನಿಜವಾಗಿ ಸಿಕ್ಕ ಬೆಲೆ 7. ಇದನ್ನು ಕಂಡುಹಿಡಿದು ಬೇಸರಪಟ್ಟವರು ಉಂಟು. ಆದರೆ ಚೀಟಿಯ 50 ಕಣ್ಣೆದುರು ಇರುವಾಗ 3 ಡಾಲರಿನ ಚಿಂತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೋಲ್ಸ್ ಕ್ಯಾಷ್ ಎಂಬುದು ಈ ಇಡೀ ವ್ಯವಸ್ಥೆಯ ಜೀವಾಳ. ಗೊತ್ತುಪಡಿಸಿದ ದಿನಗಳಲ್ಲಿ ಪ್ರತಿ 50 ಡಾಲರಿನ ಖರೀದಿಗೆ 10 ಡಾಲರಿನ ಚೀಟಿ ಕೊಡುತ್ತಾರೆ. ನವೆಂಬರಿನ ಬ್ಲ್ಯಾಕ್ ಫ್ರೈಡೆ ಬಂದರೆ ಅದು 15 ಆಗುತ್ತದೆ. ಚೀಟಿಯ ಮೇಲೆ ಡಾಲರ್ ಚಿಹ್ನೆ ಇದ್ದರೂ ಅದು ದುಡ್ಡಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ, ಕೋಲ್ಸಿನಲ್ಲೇ ಖರ್ಚು ಮಾಡಬೇಕು. ಗಳಿಸುವ ದಿನಗಳು ಮುಗಿದ ಮೇಲೆ ಖರ್ಚಿನ ದಿನಗಳು ಶುರುವಾಗುವಂತೆ ಹೊಂದಿಸಿರುವುದರಿಂದ ಎರಡನೇ ಸಲ ಬರುವುದು ತಪ್ಪದು. 43 ಡಾಲರಿಗೆ ಬಂದು ನಿಂತ ಬಿಲ್ಲನ್ನು 50ಕ್ಕೆ ಮುಟ್ಟಿಸಲು ಜನ ಕೌಂಟರಿನಿಂದ ಹಿಂದಿರುಗಿ 7 ಡಾಲರಿನದ್ದೇನಾದರೂ ಹುಡುಕುತ್ತಾರೆ. ಟವೆಲ್ಲುಗಳು ಖರ್ಚಾಗುವುದು ಹೀಗೆ. ಬರುವ ವಾರ ಆ 10 ಡಾಲರ್ ಹಾಳಾಗಬಾರದೆಂದು ಬಂದು 60 ಡಾಲರಿನ ಸಾಮಾನು ಕೊಂಡು ಮತ್ತೆ 10 ಗಳಿಸುತ್ತಾರೆ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಕೊಳ್ಳುವವರ ಸುಖವನ್ನು ಎರಡಾಗಿ ಬಿಡಿಸಿದ. ಒಂದು, ವಸ್ತುವಿನಿಂದ ಸಿಗುವ ಸುಖ. ಇನ್ನೊಂದು, ವ್ಯವಹಾರ ಗಿಟ್ಟಿತೆಂಬ ಸುಖ. ಅಂದರೆ ಕೊಡಬೇಕಾಗಿದ್ದದ್ದಕ್ಕೂ ಕೊಟ್ಟದ್ದಕ್ಕೂ ನಡುವಿನ ಅಂತರ ಕೊಡುವ ಖುಷಿ. 2017ರಲ್ಲಿ ಥೇಲರ್‌ಗೆ ನೊಬೆಲ್ ಬಂತು. ಮಧ್ಯಮ ಬೆಲೆಯ ಡಿಪಾರ್ಟ್‌ಮೆಂಟ್ ಸ್ಟೋರು ಪ್ರಬಂಧ ಓದಿಕೊಂಡು ವ್ಯಾಪಾರ ಮಾಡಲಿಲ್ಲ. ಅದು ಎರಡನೆಯ ಸುಖವನ್ನೇ ಮುಖ್ಯ ಸರಕು ಮಾಡಿಕೊಂಡು ಆಗಲೇ ಬದುಕುತ್ತಿತ್ತು.

ವಿಚಿತ್ರವೆಂದರೆ, ಡಿಪಾರ್ಟ್‌ಮೆಂಟ್ ಸ್ಟೋರ್ ಎಂಬ ವ್ಯವಸ್ಥೆ ಹುಟ್ಟಿದ್ದೇ ಚೌಕಾಸಿಯನ್ನು ಕೊಲ್ಲಲು. 19ನೇ ಶತಮಾನದ ಮೊದಲ ಭಾಗದವರೆಗೆ ನ್ಯೂಯಾರ್ಕಿನಲ್ಲೂ ಪ್ಯಾರಿಸ್ಸಿನಲ್ಲೂ ಬಟ್ಟೆ ಕೊಳ್ಳುವುದೆಂದರೆ ನಮ್ಮ ಹಳೆಯ ಪೇಟೆಬೀದಿಯ ವ್ಯಾಪಾರವೇ. ಬೆಲೆ ಬರೆದಿರುತ್ತಿರಲಿಲ್ಲ, ಗಿರಾಕಿಯ ಮುಖ ನೋಡಿ ಹೇಳುತ್ತಿದ್ದರು. ನ್ಯೂಯಾರ್ಕಿನ ಎ.ಟಿ. ಸ್ಟುವರ್ಟ್ 1846ರಲ್ಲಿ ಅಮೃತಶಿಲೆಯ ಮಳಿಗೆ ಕಟ್ಟಿಸಿ ಎಲ್ಲರಿಗೂ ಒಂದೇ ಬೆಲೆ ಎಂದ. ಪ್ಯಾರಿಸ್ಸಿನ ಬಾನ್ ಮಾರ್ಷೆಯಲ್ಲಿ ಅರಿಸ್ಟೀಡ್ ಬೂಸಿಕೊ, ಫಿಲಡೆಲ್ಫಿಯಾದಲ್ಲಿ ಜಾನ್ ವಾನಮೇಕರ್ ಅದೇ ದಾರಿ ಹಿಡಿದರು. ಇದರಲ್ಲಿ ನೀತಿಯ ಮಾತು ಇತ್ತು, ಅನುಕೂಲವೂ ಇತ್ತು. ಒಡೆಯ ತಾನೇ ಗಲ್ಲಾದ ಮೇಲೆ ಕೂತಿದ್ದಾಗ ಚೌಕಾಸಿ ನಡೆಯುತ್ತದೆ. ಕಡಿಮೆ ಸಂಬಳಕ್ಕೆ ನೂರಾರು ಹುಡುಗ ಹುಡುಗಿಯರನ್ನು ಇಟ್ಟುಕೊಂಡ ಮೇಲೆ ಬೆಲೆ ಇಳಿಸುವ ಅಧಿಕಾರವನ್ನು ಅವರ ನಾಲಿಗೆಗೆ ಒಪ್ಪಿಸುವುದು ಹೇಗೆ?

ಹೀಗೆ ಬಾಯಿಮಾತಿನ ಚೌಕಾಸಿ ಹೋಯಿತು. ನೂರು ವರ್ಷದ ಮೇಲೆ ಅದು ಕಾಗದದ ರೂಪದಲ್ಲಿ ಹಿಂದಿರುಗಿ ಬಂತು. ಕೋಲ್ಸಿನಲ್ಲಿ ಕೂಪನ್ ಹುಡುಕಿ ತಂದವರಿಗೆ ಒಂದು ಬೆಲೆ, ಮರೆತು ಬಂದವರಿಗೆ ಇನ್ನೊಂದು, ಅಂಗಡಿಯ ಕಾರ್ಡ್ ಇಟ್ಟುಕೊಂಡವರಿಗೆ ಮತ್ತೊಂದು. ಪುರುಸೊತ್ತೂ ಹಟವೂ ಇದ್ದವರು ಕಡಿಮೆ ಕೊಡುತ್ತಾರೆ, ಅವಸರದವರು ಹೆಚ್ಚು ಕೊಡುತ್ತಾರೆ. ಚಿಕ್ಕಪೇಟೆಯಲ್ಲೂ ನಡೆಯುವುದು ಇದೇ. ವ್ಯತ್ಯಾಸವಿಷ್ಟೆ, ಅಲ್ಲಿ ಜಗಳವಾಡಲು ಎದುರಿಗೊಬ್ಬ ಮನುಷ್ಯನಿರುತ್ತಾನೆ. ಇಲ್ಲಿ ಗಿರಾಕಿ ತನ್ನ ಜೊತೆ ತಾನೇ ಚೌಕಾಸಿ ಮಾಡಿ, ತಾನೇ ಗೆದ್ದು, ಗೆದ್ದ ಮೊತ್ತಕ್ಕೆ ಸುತ್ತು ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ.

ಈ ಆಟ ಬೇಡ, ನೇರ ಬೆಲೆ ಸಾಕು ಎಂದು ಹೊರಟ ಒಬ್ಬ ಧೀರನ ಕಥೆ ಅಮೆರಿಕದ ವ್ಯಾಪಾರ ಶಾಲೆಗಳಲ್ಲಿ ಇಂದಿಗೂ ಪಾಠ. ಕೋಲ್ಸಿನ ಹಳೆಯ ಪ್ರತಿಸ್ಪರ್ಧಿ ಜೆ.ಸಿ. ಪೆನ್ನಿ. 1902ರಲ್ಲಿ ವಯೋಮಿಂಗಿನ ಕೆಮರರ್ ಎಂಬ ಗಣಿ ಊರಿನಲ್ಲಿ ಹುಟ್ಟಿದ ಅಂಗಡಿ. 2011ರ ಕೊನೆಯಲ್ಲಿ ಅದರ ಮುಖ್ಯಸ್ಥನಾಗಿ ಬಂದ ರಾನ್ ಜಾನ್ಸನ್ ಸಾಮಾನ್ಯನಲ್ಲ. ಆಪಲ್ ಕಂಪನಿಯ ಮಳಿಗೆಗಳನ್ನು ಕಟ್ಟಿ ಬೆಳೆಸಿದವನು. ಲೆಕ್ಕ ತೆಗೆಸಿ ನೋಡಿದ. ಒಂದೇ ವರ್ಷದಲ್ಲಿ ಪೆನ್ನಿ 590 ಸೇಲ್‌ಗಳನ್ನು ನಡೆಸಿತ್ತು. ಆದಾಯದ ಮುಕ್ಕಾಲು ಪಾಲಿನಷ್ಟು ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಹೋದ ಸರಕಿನಿಂದಲೇ ಬರುತ್ತಿತ್ತು. ಪೂರ್ತಿ ಬೆಲೆ ಎಂಬುದು ಹೆಸರಿಗೆ ಮಾತ್ರ. ಹಾಗಾದರೆ ಸುಳ್ಳು ಬೆಲೆ ಯಾಕೆ ಬರೆಯಬೇಕು ಎಂದು ಕೇಳಿದ. 2012ರ ಫೆಬ್ರವರಿಯಿಂದ ಕೂಪನ್ ರದ್ದು, ದಿನನಿತ್ಯದ ಸೇಲ್ ರದ್ದು. ಬೆಲೆಗಳನ್ನೇ ಕನಿಷ್ಠ ಶೇ. 40ರಷ್ಟು ಇಳಿಸಿ ಅದನ್ನೇ ಚೀಟಿಯಲ್ಲಿ ಬರೆಸಿದ. 99 ಸೆಂಟಿನ ಬಾಲ ಕತ್ತರಿಸಿ ದುಂಡು ಅಂಕಿ ಹಾಕಿಸಿದ.

ಗಿರಾಕಿ ಕೊಡುವ ಹಣದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಆದರೂ ಜನ ಅಂಗಡಿಗೆ ಬರುವುದನ್ನೇ ಬಿಟ್ಟರು. ಒಂದೇ ವರ್ಷದಲ್ಲಿ ಪೆನ್ನಿಯ ಮಾರಾಟ ಶೇ. 25ರಷ್ಟು ಕುಸಿಯಿತು, 1,730 ಕೋಟಿ ಡಾಲರಿನಿಂದ 1,300 ಕೋಟಿಗೆ ಇಳಿಯಿತು. ನಷ್ಟ 98.5 ಕೋಟಿ ಡಾಲರ್. 2013ರ ಏಪ್ರಿಲಿನಲ್ಲಿ ಜಾನ್ಸನ್‌ನನ್ನು ಮನೆಗೆ ಕಳಿಸಿ ಹಳೆಯ ಮುಖ್ಯಸ್ಥನನ್ನೇ ಕರೆತಂದರು, ಕೂಪನ್ನುಗಳೂ ಹಿಂದೆಯೇ ಬಂದವು. ಕಂಪನಿ ಟಿವಿ ಜಾಹೀರಾತು ಕೊಟ್ಟು ಗಿರಾಕಿಗಳ ಬಳಿ ತಪ್ಪೊಪ್ಪಿಕೊಂಡಿತು. ಜಾನ್ಸನ್ ಮಾಡಿದ್ದು ಪ್ರಾಮಾಣಿಕ ಕೆಲಸವೇ. ಆದರೆ 20 ಡಾಲರಿನ ಅಂಗಿಯನ್ನು 20ಕ್ಕೆ ಕೊಟ್ಟರೆ ಕೊಂಡವರಿಗೆ ಮನೆಯಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಚೀಟಿಯ ಆ ಮೇಲಿನ ಅಂಕಿಯ ಬಗ್ಗೆ ಕಾನೂನು ಸುಮ್ಮನಿಲ್ಲ. ಹಳೆಯ ಬೆಲೆ ಎಂದು ತೋರಿಸಿದ್ದು ನಿಜಕ್ಕೂ ಆ ಸರಕನ್ನು ಸಾಕಷ್ಟು ಕಾಲ ಮಾರಾಟಕ್ಕಿಟ್ಟಿದ್ದ ಬೆಲೆಯಾಗಿರಬೇಕು ಎಂದು ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ 1964ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕ್ಯಾಲಿಫೋರ್ನಿಯಾದ ಕಾಯಿದೆ ಇನ್ನೂ ಬಿಗಿ: ಹಿಂದಿನ ಮೂರು ತಿಂಗಳಲ್ಲಿ ಮಾರುಕಟ್ಟೆಯಲ್ಲಿದ್ದ ಬೆಲೆಯಾಗಿರಬೇಕು. ಇದೇ ದೂರಿನ ಮೇಲೆ ಅಲ್ಲಿನ ಗ್ರಾಹಕರು ಹೂಡಿದ ಸಾಮೂಹಿಕ ದಾವೆಯೊಂದನ್ನು ಕೋಲ್ಸ್ 2016ರಲ್ಲಿ 61.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ನಗರದ ಅಟಾರ್ನಿ ಪೆನ್ನಿ, ಸಿಯರ್ಸ್, ಮೇಸೀಸ್, ಕೋಲ್ಸ್ ನಾಲ್ಕರ ಮೇಲೂ ಮೊಕದ್ದಮೆ ಹೂಡಿದ. ಮೊಕದ್ದಮೆಗಳು ಬಂದವು, ಹೋದವು. ಚೀಟಿಗಳು ಇಂದಿಗೂ ಎರಡು ಅಂಕಿ ಹೊತ್ತುಕೊಂಡೇ ತೂಗುತ್ತಿವೆ. ನಮ್ಮ ಆಷಾಢ ಸೇಲಿಗೆ ಮದುವೆ ಮುಹೂರ್ತವಿಲ್ಲದ ತಿಂಗಳೆಂಬ ಒಂದು ನೆಪವಾದರೂ ಇದೆ. ಅಲ್ಲಿ ಆಷಾಢ ವರ್ಷವಿಡೀ.

ಇಷ್ಟು ರಿಯಾಯಿತಿ ಕೊಟ್ಟು ಅಂಗಡಿ ಬದುಕುವುದು ಹೇಗೆ? ಮೊದಲನೆಯ ಉತ್ತರ, ಸ್ವಂತ ಬ್ರಾಂಡುಗಳು. ಸೊನೋಮಾ, ಕ್ರಾಫ್ಟ್ ಆ್ಯಂಡ್ ಬ್ಯಾರೊ, ಮಕ್ಕಳಿಗೆ ಜಂಪಿಂಗ್ ಬೀನ್ಸ್, ವ್ಯಾಯಾಮಕ್ಕೆ ಟೆಕ್ ಗೇರ್. ಇವು ಬೇರೆಲ್ಲೂ ಸಿಗುವುದಿಲ್ಲ, ಆದ್ದರಿಂದ ಬೇರೆ ಅಂಗಡಿಯ ಬೆಲೆಯೊಂದಿಗೆ ಹೋಲಿಸಿ ನೋಡುವಂತಿಲ್ಲ. ಬರೆದದ್ದೇ ಬೆಲೆ, ಕಳೆದದ್ದೇ ರಿಯಾಯಿತಿ. ಹೆಸರಾಂತ ಬ್ರಾಂಡುಗಳ ವಿಷಯ ಹಾಗಲ್ಲ. ಅವುಗಳಲ್ಲಿ ಹಲವಕ್ಕೆ ಕೂಪನ್ ನಡೆಯುವುದಿಲ್ಲ. ನಡೆಯದವುಗಳ ಪಟ್ಟಿ ಮತ್ತೆ ಆ ಸಾಸಿವೆ ಅಕ್ಷರಗಳಲ್ಲೇ. ವರ್ಷಗಳು ಕಳೆದಂತೆ ಆ ಪಟ್ಟಿ ಉದ್ದವಾಗುತ್ತಾ ಹೋಗಿ, ಕೌಂಟರಿನಲ್ಲಿ ‘ಇದಕ್ಕೆ ಬರೋದಿಲ್ಲ’ ಎಂದು ಕೇಳಿಸಿಕೊಂಡ ಹಳೆಯ ಗಿರಾಕಿಗಳು ಮುನಿಸಿಕೊಂಡರು. 2025ರಲ್ಲಿ ಕಂಪನಿ ಹೆಚ್ಚಿನ ಬ್ರಾಂಡುಗಳನ್ನು ಮತ್ತೆ ಕೂಪನ್ನಿನ ವ್ಯಾಪ್ತಿಗೆ ತರುತ್ತೇವೆ ಎನ್ನಬೇಕಾಯಿತು.

ಎರಡನೆಯ ಉತ್ತರ ಕಾರ್ಡು. ಅಂಗಡಿಯ ಕ್ರೆಡಿಟ್ ಕಾರ್ಡ್ ಮಾಡಿಸಿದವರಿಗೆ ದೊಡ್ಡ ಕೂಪನ್ನುಗಳು. ಆದರೆ ಬಾಕಿ ಉಳಿಸಿಕೊಂಡರೆ ಬಡ್ಡಿ ವರ್ಷಕ್ಕೆ ಶೇ. 30ರ ಆಸುಪಾಸು. ಶೇ. 30 ರಿಯಾಯಿತಿಯಲ್ಲಿ ಕೊಂಡು ಶೇ. 30 ಬಡ್ಡಿ ಕಟ್ಟುವವರೂ ಇದ್ದಾರೆ. ಮುಖ್ಯವಾಗಿ ಈ ಕಾರ್ಡಿನಿಂದ ಬರುವ ‘ಇತರ ಆದಾಯ’ 2024ರಲ್ಲಿ 80 ಕೋಟಿ ಡಾಲರ್ ಮೀರಿತ್ತು. ಎಲ್ಲ ಖರ್ಚು ಕಳೆದು ಕಂಪನಿಗೆ ಆ ವರ್ಷ ಉಳಿದ ಲಾಭ ಸುಮಾರು 11 ಕೋಟಿ. ಸ್ವೆಟರ್ ಅಂಗಡಿ ಎಂದುಕೊಂಡು ನೋಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ವ್ಯಾಪಾರ ಕುಗ್ಗುತ್ತಿರುವುದೂ ನಿಜ. 2018ರಲ್ಲಿ 2,000 ಕೋಟಿ ಡಾಲರ್ ದಾಟಿದ್ದ ಒಟ್ಟು ಆದಾಯ 2024ಕ್ಕೆ 1,620 ಕೋಟಿಯಷ್ಟಕ್ಕೆ ಇಳಿಯಿತು. 2025ರಲ್ಲಿ 27 ಅಂಗಡಿಗಳು ಮುಚ್ಚಿದವು. ಅದೇ ವರ್ಷ ಹೊಸ ಮುಖ್ಯಸ್ಥನೊಬ್ಬನನ್ನು ಹಿತಾಸಕ್ತಿ ಸಂಘರ್ಷದ ಕಾರಣಕ್ಕೆ ಕೆಲವೇ ತಿಂಗಳಲ್ಲಿ ಆಡಳಿತ ಮಂಡಳಿ ತೆಗೆದುಹಾಕಿತು. ಆದರೂ ಅದರ ಓರಗೆಯವರ ಗತಿ ನೋಡಿದರೆ ಕೋಲ್ಸ್ ಗಟ್ಟಿ ಪಿಂಡ. ಮಾಂಟ್ಗೊಮೆರಿ ವಾರ್ಡ್ 2001ರಲ್ಲಿ, ಮರ್ವಿನ್ಸ್ 2008ರಲ್ಲಿ ಹೋದವು. ಮಿಲ್ವಾಕೀಯವರ ಅಚ್ಚುಮೆಚ್ಚಿನ ಬಾಸ್ಟನ್ ಸ್ಟೋರ್ 2018ರಲ್ಲಿ ಬಾಗಿಲು ಹಾಕಿತು, ಸಿಯರ್ಸ್ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು, ಪೆನ್ನಿ 2020ರಲ್ಲಿ.

ಉಳಿಯಲು ಕೋಲ್ಸ್ ಮಾಡಿದ ಉಪಾಯಗಳಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ತನ್ನ ಶತ್ರುವಿಗೆ ಮನೆಯಲ್ಲೇ ಜಾಗ ಕೊಟ್ಟದ್ದು. ಅಮೆಜಾನಿನಲ್ಲಿ ಕೊಂಡು ಬೇಡವಾದ ಸಾಮಾನನ್ನು ಕೋಲ್ಸಿಗೆ ತಂದು ಹಿಂದಿರುಗಿಸಬಹುದು. 2017ರಲ್ಲಿ ಲಾಸ್ ಏಂಜಲೀಸ್, ಶಿಕಾಗೊಗಳಲ್ಲಿ ಪ್ರಯೋಗ, 2019ರ ಜುಲೈಯಿಂದ ದೇಶದುದ್ದಕ್ಕೂ. ಪೆಟ್ಟಿಗೆ ಬೇಡ, ವಿಳಾಸದ ಚೀಟಿ ಬೇಡ. ಫೋನಿನಲ್ಲಿ ಕ್ಯುಆರ್ ಕೋಡ್ ತೋರಿಸಿದರೆ ಮುಗಿಯಿತು, ಅವರೇ ಕಟ್ಟಿ ಕಳಿಸುತ್ತಾರೆ. ವಾಪಸು ಕೊಟ್ಟವರ ಕೈಗೆ ಆಗಾಗ ಒಂದು ಕೂಪನ್ ಕೂಡ ಬರುತ್ತದೆ. ಕೊಡಲು ಬಂದವರು ಕೊಳ್ಳದೆ ಹೋಗಬಾರದಲ್ಲ! 2021ರಿಂದ ಅಂಗಡಿಯೊಳಗೇ ಸೆಫೋರಾ ಎಂಬ ಸೌಂದರ್ಯ ಸಾಮಗ್ರಿಯ ಪುಟ್ಟ ಅಂಗಡಿ ತೆರೆದರು. ಅದರ ವಾರ್ಷಿಕ ವ್ಯಾಪಾರ ಈಗ 100 ಕೋಟಿ ಡಾಲರ್ ದಾಟಿದೆ. ಲಿಪ್‌ಸ್ಟಿಕ್ಕಿಗೆ ಬರುವ ಹುಡುಗಿಯರು ಅಮ್ಮಂದಿರ ಸ್ವೆಟರ್ ವಿಭಾಗಕ್ಕೂ ಕಾಲಿಡುತ್ತಾರೆ ಎಂಬುದು ಲೆಕ್ಕಾಚಾರ. ಲೆಕ್ಕ ಪೂರ್ತಿ ಕೂಡಿಬಂದಿಲ್ಲ. ಹುಡುಗಿಯರು ಬಂದರು, ಸ್ವೆಟರುಗಳು ಅಲ್ಲೇ ಉಳಿದವು.

ಈ ಅಂಗಡಿಗೂ ಕನ್ನಡಿಗರಿಗೂ ಇರುವ ನಂಟು ಸಣ್ಣದಲ್ಲ. ಸಾಫ್ಟ್‌ವೇರ್ ಕೆಲಸದ ಮೇಲೆ ಹೋದ ಸಂಸಾರಗಳು ನೆಲೆಸುವುದು ಒಳ್ಳೆಯ ಶಾಲೆಗಳಿರುವ ಉಪನಗರಗಳಲ್ಲಿ, ಅಂದರೆ ಕೋಲ್ಸ್ ಇರುವ ಕಡೆಗಳಲ್ಲೇ. ಮೊದಲ ಕೋಲ್ಸ್ ತೆರೆದ ಬ್ರೂಕ್‌ಫೀಲ್ಡಿನ ನೆರೆಯ ಪೆವಾಕಿಯಲ್ಲಿ ಈಗ ವಿಸ್ಕಾನ್ಸಿನ್ನಿನ ಹಿಂದೂ ದೇವಸ್ಥಾನವಿದೆ. ನಂಟು ಈ ತುದಿಯಲ್ಲೂ ಇದೆ. ಕೋಲ್ಸಿನ ಓರಗೆಯ ಟಾರ್ಗೆಟ್ 2005ರಿಂದ ಬೆಂಗಳೂರಿನಲ್ಲಿ ದೊಡ್ಡ ಕಚೇರಿ ನಡೆಸುತ್ತಿದೆ. ಅಮೆರಿಕದ ಬ್ರಾಂಡುಗಳಿಗೆ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಹೆಂಗಸರ ಬಸ್ಸುಗಳು ಬೆಳಗಾಗೆದ್ದು ಮೈಸೂರು ರಸ್ತೆಯಲ್ಲೂ ಪೀಣ್ಯದಲ್ಲೂ ಸಾಲುಗಟ್ಟುತ್ತವೆ.

ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರನ್ನು ಮಗಳೋ ಸೊಸೆಯೋ ಮೊದಲ ವಾರದಲ್ಲೇ ಇಂಥ ಅಂಗಡಿಗೆ ಕರೆದೊಯ್ಯುವುದುಂಟು. ಬೇಕಾಗಿರುವುದು ವಾಕಿಂಗಿಗೆ ಶೂ, ತೂಕವಿಲ್ಲದ ಜಾಕೆಟ್. ಸೀರೆಯ ಮೇಲೆ ಜಾಕೆಟ್, ಕೆಳಗೆ ಬಿಳಿ ಸ್ನೀಕರ್ ತೊಟ್ಟು ಬಡಾವಣೆಯ ಕಾಲುದಾರಿಯಲ್ಲಿ ಸಂಜೆ ನಡೆಯುವ ಅಮ್ಮಂದಿರ ವೇಷ ಬಹುಪಾಲು ಇಲ್ಲಿಂದ ಬಂದದ್ದು. ಅಳತೆ ಒಂದು ತೊಡಕು. ಅಮೆರಿಕದ ‘ಸ್ಮಾಲ್’ ನಮ್ಮಲ್ಲಿ ‘ಮೀಡಿಯಮ್’ ಆದೀತು. ಕುಳ್ಳಗಿರುವವರಿಗೆಂದೇ ಇರುವ ‘ಪಿಟೀಟ್’ ವಿಭಾಗ ಗೊತ್ತಾದ ಮೇಲೆ ತೋಳು ಮಡಿಚಿಕೊಳ್ಳುವ ಕಷ್ಟ ತಪ್ಪುತ್ತದೆ. ಇನ್ನೊಂದು ತೊಡಕು ತೆರಿಗೆ. ನಮ್ಮಲ್ಲಿ ಎಂಆರ್‌ಪಿ ಎಂದರೆ ತೆರಿಗೆಯೂ ಸೇರಿದ ಬೆಲೆ. ಅಲ್ಲಿ ತೆರಿಗೆ ಕೌಂಟರಿನಲ್ಲಿ ಸೇರುತ್ತದೆ, ಅದೂ ರಾಜ್ಯಕ್ಕೊಂದು ದರ. ವಿಸ್ಕಾನ್ಸಿನ್ನಿನಲ್ಲಿ ರಾಜ್ಯದ ಪಾಲು ಶೇ. 5, ಪಕ್ಕದ ಮಿನೆಸೋಟದಲ್ಲಿ, ಪೂರ್ವದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಬಟ್ಟೆಗೆ ತೆರಿಗೆಯೇ ಇಲ್ಲ. ಹೀಗಾಗಿ 14 ಡಾಲರಿನ ಸ್ವೆಟರಿಗೆ 14 ಡಾಲರ್ 70 ಸೆಂಟ್ ಕೇಳಿದಾಗ ಹಿರಿಯರು ಮಗಳ ಮುಖ ನೋಡುತ್ತಾರೆ. ‘ಅದು ಟ್ಯಾಕ್ಸ್ ಅಮ್ಮ.’ ‘ಮತ್ತೆ ಚೀಟಿಲಿ ಐವತ್ತು ಅಂತ ಬರ್ದಿತ್ತಲ್ಲೇ?’ ‘ಅದು ಸುಮ್ನೆ ಬರ್ದಿರ್ತಾರೆ.’ ‘ಸುಮ್ನೆ ಯಾಕೆ ಬರೀತಾರೆ?’ ಮಗಳ ಬಳಿ ಉತ್ತರವಿಲ್ಲ.

ಹಿಂದಿರುಗುವ ತಿಂಗಳು ಬಂದರೆ ಅಮ್ಮನೇ ಕೂಪನ್ನಿನ ಪಟ್ಟಿ ಎಬ್ಬಿಸುವಷ್ಟು ಪಳಗಿರುತ್ತಾರೆ. ಕ್ಲಿಯರೆನ್ಸ್ ರ‍್ಯಾಕಿನ ಮುಂದೆ ನಿಂತು ಒಂದರ ಮೇಲೊಂದು ಅಂಟಿಸಿದ ಚೀಟಿಗಳನ್ನು ಉಗುರಿನಿಂದ ಕೆರೆದು ಕೆಳಗಿನ ಬೆಲೆಗಳನ್ನು ಓದುತ್ತಾರೆ. ತಂಗಿಯ ಮಗನಿಗೆ ಟೀಶರ್ಟು, ನಾದಿನಿಗೆ ಹ್ಯಾಂಡ್‌ಬ್ಯಾಗು, ಪಕ್ಕದ ಮನೆಯವರಿಗೆ ಟವೆಲ್ಲು, ಇವೆಲ್ಲ ತುಂಬಿಸಲು ಅಲ್ಲೇ ಅರ್ಧ ಬೆಲೆಗೆ ಸಿಕ್ಕ ಸೂಟ್‌ಕೇಸು. ವಿಮಾನದವರು ಬಿಡುವುದು ಪೆಟ್ಟಿಗೆಗೆ 23 ಕೆ.ಜಿ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ನಿಲ್ಲಿಸಿ ನಿಲ್ಲಿಸಿ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ಕು, ಹ್ಯಾಂಗರು ಎಲ್ಲ ಕಿತ್ತು ಹಾಕುತ್ತಾರೆ. ಮೇಲೆ ಅಂಟಿಸಿದ ಕ್ಲಿಯರೆನ್ಸ್ ಚೀಟಿಗಳನ್ನೂ ನೀಟಾಗಿ ಸುಲಿದು ತೆಗೆಯುತ್ತಾರೆ. ಕತ್ತಿಗೆ ಜೋತುಬಿದ್ದ ಮೊದಲ ಚೀಟಿಗೆ ಮಾತ್ರ ಕತ್ತರಿ ತಾಗುವುದಿಲ್ಲ. ದಾವಣಗೆರೆಯ ನಾದಿನಿ ಅದನ್ನು ತಿರುಗಿಸಿ ನೋಡಿ, 50ನ್ನು ಅಂದಿನ ಡಾಲರ್ ದರದಿಂದ ಗುಣಿಸಿ, ‘ಅತ್ತಿಗೆ, ಇಷ್ಟೆಲ್ಲಾ ಯಾಕೆ ಖರ್ಚು ಮಾಡೋಕ್ಕೋದ್ರಿ?’ ಎನ್ನುತ್ತಾಳೆ.